ಸಾಕ್ಷಿಗೆ ನಾನು ಕೊಟ್ಟ ಕೊನೆ

ನಮ್ಮ ಚರ್ಚಿನ ಸಭೆಯಲ್ಲಿ ಕಷ್ಟ ಹೇಳಿಕೊಳ್ಳುವುದಕ್ಕೆ ಎರಡು ದಾರಿಗಳಿವೆ. ಕಷ್ಟ ಇನ್ನೂ ತಲೆಯ ಮೇಲೆ ಕೂತಿದ್ದರೆ ಅದು ವಿಜ್ಞಾಪನೆ. ‘ಮಗನಿಗೆ ಕೆಲಸ ಸಿಗಬೇಕು, ಪ್ರಾರ್ಥನೆ ಮಾಡ್ರಿ’ ಅಂತ ಬುಧವಾರ ಸಂಜೆ ಚಾಪೆಯ ಮೇಲೆ ಕೂತ ಹತ್ತು ಜನ ಹೆಂಗಸರ ನಡುವೆ ದನಿ ತಗ್ಗಿಸಿ ಹೇಳುವುದು. ಕಷ್ಟ ಇಳಿದು ಹೋಗಿದ್ದರೆ ಅದು ಸಾಕ್ಷಿ. ‘ಮಗನಿಗೆ ಕೆಲಸ ಸಿಕ್ಕಿತು, ದೇವರಿಗೆ ಸ್ತೋತ್ರ’ ಅಂತ ಭಾನುವಾರ ಎಲ್ಲರ ಮುಂದೆ ಮೈಕು ಹಿಡಿದು ಹೇಳುವುದು. ಅರ್ಧ ಇಳಿದು ಅರ್ಧ ಉಳಿದ ಕಷ್ಟಕ್ಕೆ ನಮ್ಮಲ್ಲಿ ಹೆಸರಿಲ್ಲ. ಇದು ನನಗೆ ಹೊಳೆದದ್ದು ಬಹಳ ತಡವಾಗಿ.

ನನಗೆ ಸಾಕ್ಷಿ ಹೇಳುವುದನ್ನು ಕಲಿಸಿದವಳು ನನ್ನ ಅಜ್ಜಿ. ಓದು ಬರಹ ಬಾರದ ಹೆಂಗಸು. ಆದರೆ ಅವಳು ಎದ್ದು ನಿಂತಳೆಂದರೆ ತೂಕಡಿಸುತ್ತಿದ್ದ ಹಿರಿಯರೂ ಕಣ್ಣು ಬಿಡುತ್ತಿದ್ದರು. ‘ಸಾಕ್ಷಿ ಅಂದ್ರೆ ಬುತ್ತಿ ಇದ್ದಂಗೆ ಕಣವ್ವ. ಬಿಗಿಯಾಗಿ ಗಂಟು ಹಾಕಿ ಕೊಡಬೇಕು. ಸಡ್ಲ ಬಿಟ್ರೆ ಕೇಳಿದೋರು ಮನಿ ಮುಟ್ಟೋದ್ರೊಳಗೆ ಚೆಲ್ಲಿ ಹೋಗ್ತೈತೆ’ ಅನ್ನುತ್ತಿದ್ದಳು. ಮುಂದೆ ನಾನು ಹೈಸ್ಕೂಲಿನಲ್ಲಿ ಕನ್ನಡ ಟೀಚರಾದೆ. ಅಜ್ಜಿಯ ಗಂಟಿಗೆ ನನ್ನ ವ್ಯಾಕರಣವೂ ಸೇರಿಕೊಂಡಿತು.

ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯ ನಮ್ಮ ಮನೆಯಲ್ಲಿ ಭಾನುವಾರ ಸಂಜೆ ನಾಲ್ಕಕ್ಕೆ ಸಭೆಯ ಮಕ್ಕಳ ಒಂದು ಸಣ್ಣ ಗುಂಪು ಸೇರುತ್ತಿತ್ತು. ಹೈಸ್ಕೂಲು, ಪಿಯುಸಿ ಓದುವ ಏಳು ಜನ. ‘ಈ ವಯಸ್ಸಿನೋರು ನನ್ನ ಮಾತು ಕೇಳಲ್ಲ, ನೀವೇ ಸಂಭಾಳಿಸ್ರಿ ಟೀಚರೇ’ ಅಂತ ಸಭಾಪಾಲಕರು ಒಪ್ಪಿಸಿಬಿಟ್ಟಿದ್ದರು. ಒಂದು ಹಾಡು, ಬೈಬಲಿನ ಸ್ವಲ್ಪ ವಾಕ್ಯ, ಆಮೇಲೆ ಅವರವರ ಮಾತು, ಪ್ರಾರ್ಥನೆ, ಕೊನೆಗೆ ಮಂಡಕ್ಕಿ ಮತ್ತು ಮಿರ್ಚಿ. ಎಲ್ಲರೂ ಕಣ್ಣು ಮುಚ್ಚಿ ಪ್ರಾರ್ಥಿಸಿ ‘ಆಮೆನ್’ ಅನ್ನುವ ಹೊತ್ತಿಗೆ ತಟ್ಟೆಯಲ್ಲಿ ಎರಡು ಮಿರ್ಚಿ ಕಡಿಮೆಯಾಗಿರುತ್ತಿದ್ದವು. ‘ಯಾರಪ್ಪ ಕಣ್ಣು ಬಿಟ್ಟಿದ್ದು?’ ಅಂದರೆ, ‘ನೋಡಿದೋರು ಯಾರು ಆಂಟಿ? ನೋಡಿದೋರೂ ಕಣ್ಣು ಬಿಟ್ಟಂಗಾತಲ್ಲ!’ ಅನ್ನುವರು.

ಆ ಏಳು ಜನರಲ್ಲಿ ಒಬ್ಬಳು ಹರಿಹರದಿಂದ ಬರುತ್ತಿದ್ದಳು. ಎರಡನೇ ಪಿಯುಸಿ, ವಿಜ್ಞಾನ. ಭಾನುವಾರ ಬೆಳಗಿನ ಬಸ್ಸಿಗೆ ಅಮ್ಮನ ಜೊತೆ ಬಂದು ಆರಾಧನೆ ಮುಗಿಸಿ, ಮಧ್ಯಾಹ್ನ ನಮ್ಮ ಮನೆಯಲ್ಲೇ ಊಟ ಮಾಡಿ, ಸಂಜೆ ಗುಂಪು ಮುಗಿದ ಮೇಲೆ ತಾಯಿ ಮಗಳು ವಾಪಸು ಹೋಗುತ್ತಿದ್ದರು. ಹುಡುಗಿ ಮಾತು ಕಡಿಮೆ. ಆಡಿದರೆ ಅಳೆದು ಆಡುವಳು. ‘ಚೆನ್ನಾಗಿದೀಯೇನೇ?’ ಅಂತ ಕೇಳಿದರೆ ಉಳಿದವರೆಲ್ಲ ‘ಹ್ಞೂಂ ಆಂಟಿ’ ಅನ್ನುತ್ತಿದ್ದರು. ಇವಳು ಒಂದು ಗಳಿಗೆ ಯೋಚನೆ ಮಾಡಿ, ‘ಪರವಾಗಿಲ್ಲ ಅನ್ಬೌದು’ ಅನ್ನುವಳು. ಗುಂಪಿನವರು ಅವಳಿಗೆ ‘ಪರವಾಗಿಲ್ಲ’ ಅಂತಲೇ ಅಡ್ಡಹೆಸರಿಟ್ಟಿದ್ದರು.

ತಾಯಿ ಶಾಮನೂರಿನ ಒಕ್ಕಲು ಮನೆತನದ ಹೆಣ್ಣುಮಗಳು. ನಮ್ಮ ಸಭೆಯ ಒಬ್ಬ ಲಾರಿ ಚಾಲಕನನ್ನು ಮೆಚ್ಚಿ ಮದುವೆಯಾಗಿ ಹರಿಹರದಲ್ಲಿ ಮನೆ ಮಾಡಿದ್ದರು. ಗಂಡ ತಿಂಗಳಲ್ಲಿ ಇಪ್ಪತ್ತು ದಿನ ರಸ್ತೆಯ ಮೇಲೆ. ಈಕೆ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಿದ್ದರು. ತವರಿನವರು ಮೊದಮೊದಲು ಮುನಿಸಿಕೊಂಡರೂ, ಅವರಣ್ಣ ಮಾತ್ರ ಬಹಳ ದಿನ ಬಿಟ್ಟಿರಲಾರದೆ ಓಡಾಟ ಶುರು ಮಾಡಿದ್ದರು. ಹೊಲ ನೋಡಿಕೊಳ್ಳುವ, ಎರಡು ಮಾತಿಗೆ ಒಂದು ಸಲ ನಗುವ ಮನುಷ್ಯ.

ಆ ತಾಯಿಗೆ ಎದೆಯಲ್ಲಿ ಗಂಟು ಕಾಣಿಸಿಕೊಂಡಿತು. ಆಪರೇಷನ್ ಆಯಿತು. ಕೀಮೋ ಆಗಿ ಕೂದಲು ಉದುರಿ, ತಲೆಗೆ ಸೆರಗು ಹೊದ್ದುಕೊಂಡೇ ಸಭೆಗೆ ಬಂದರು. ಬುಧವಾರದ ಚಾಪೆಯ ಮೇಲೆ ನಾವೆಲ್ಲ ಅತ್ತು ಪ್ರಾರ್ಥಿಸಿದೆವು. ಕೂದಲು ಮತ್ತೆ ಬಂತು. ಮೂರು ತಿಂಗಳಿಗೊಮ್ಮೆ ತೋರಿಸಿಕೊಂಡು ಹೋಗಬೇಕು ಅಂತ ಡಾಕ್ಟರು ಹೇಳಿದ್ದರು. ಅಣ್ಣ ಶಾಮನೂರಿನಿಂದ ಹರಿಹರಕ್ಕೆ ಬೈಕಿನಲ್ಲಿ ಹೋಗಿ, ತಂಗಿಯನ್ನು ಹಿಂದೆ ಕೂರಿಸಿಕೊಂಡು ದಾವಣಗೆರೆಯ ಆಸ್ಪತ್ರೆಗೆ ತಂದು, ತೋರಿಸಿ, ಮತ್ತೆ ಬಿಟ್ಟು ಬರುತ್ತಿದ್ದರು. ಎರಡು ಸಲ ಹೀಗಾಯಿತು.

ಆ ವರ್ಷ ಯೌವನಸ್ಥರ ಭಾನುವಾರ ಹತ್ತಿರ ಬಂತು. ಅವತ್ತು ಆರಾಧನೆಯನ್ನೆಲ್ಲ ಮಕ್ಕಳೇ ನಡೆಸುವುದು, ಗುಂಪಿನಿಂದ ಒಬ್ಬರು ಸಾಕ್ಷಿ ಹೇಳುವುದು ನಮ್ಮ ಪದ್ಧತಿ. ನಾನು ಈ ಹುಡುಗಿಯನ್ನೇ ಆರಿಸಿದೆ. ಬಾಯಿ ಬಿಡದ ಮಗು ಎಲ್ಲರೆದುರು ಮಾತಾಡಿದರೆ ಧೈರ್ಯ ಬರುತ್ತದೆ ಅನ್ನುವುದು ನನ್ನ ಆಸೆ. ಅದು ಸುಳ್ಳಲ್ಲ. ಆದರೆ ಒಳ್ಳೇ ಸಾಕ್ಷಿ ನಮ್ಮ ಗುಂಪಿನಿಂದ ಬರಲಿ ಅನ್ನುವ ಆಸೆಯೂ ಇತ್ತು.

ಅವಳು ನೋಟ್‌ಬುಕ್ಕಿನ ಒಂದು ಹಾಳೆಯಲ್ಲಿ ಬರೆದು ತಂದಳು. ಊಟದ ನಂತರ ಅಡುಗೆಮನೆಯಲ್ಲಿ ತಾಯಿ ಪಾತ್ರೆ ತೊಳೆಯುತ್ತಿದ್ದರು, ಬೇಡವೆಂದರೂ ಕೇಳುತ್ತಿರಲಿಲ್ಲ. ನಾವಿಬ್ಬರೂ ಹೊರಗೆ ಕೂತಿದ್ದೆವು. ನಾನು ಓದಿದೆ. ಕೊನೆಯಲ್ಲಿ ಹೀಗಿತ್ತು: ‘ಅಮ್ಮ ಗುಣವಾಗುತ್ತಿದ್ದಾರೆ. ಇನ್ನೂ ತೋರಿಸಬೇಕು. ತೋರಿಸುವ ಹಿಂದಿನ ದಿನ ನನಗೆ ಹೆದರಿಕೆ ಆಗುತ್ತದೆ. ನಮ್ಮ ಜೊತೆ ಇರಿ.’

‘ಇದು ವಿಜ್ಞಾಪನೆ ಆತಲ್ಲೇ. ಸಾಕ್ಷಿ ಎಲ್ಲೈತೆ?’ ಅಂದೆ.

‘ಇನ್ನೂ ಮುಗಿದಿಲ್ಲಲ್ಲ ಆಂಟಿ.’

‘ಆಪರೇಷನ್ ಆತಾ?’

‘ಆತು.’

‘ಕೂದಲು ಬಂತಾ?’

‘ಬಂತು.’

‘ನಿಮ್ಮಮ್ಮ ಬಸ್ಸು ಹತ್ತಿ ಬಂದು ನನ್ನ ಪಾತ್ರೆ ತಿಕ್ತಿದಾರೋ ಇಲ್ಲೋ?’

ಅವಳು ಸಣ್ಣಗೆ ನಕ್ಕಳು. ‘ತಿಕ್ತಿದಾರೆ.’

‘ಮತ್ತಿನ್ನೇನು ಮುಗೀಬೇಕು?’

‘ಡಾಕ್ಟರು ಇನ್ನೂ ವರ್ಷಗಟ್ಟಲೆ ನೋಡ್ಬೇಕು ಅಂದಾರೆ.’

‘ಡಾಕ್ಟರ ಮಾತು ಡಾಕ್ಟರು ಹೇಳ್ಲಿ. ನೀನು ದೇವರು ಮಾಡಿದ್ದು ಹೇಳು.’

ಕೆಂಪು ಪೆನ್ನು ನನ್ನ ಕೈಯಲ್ಲೇ ಇತ್ತು, ಶಾಲೆಯ ಪೇಪರು ತಿದ್ದುತ್ತಿದ್ದೆ. ಅದರಲ್ಲೇ ‘ಗುಣವಾಗುತ್ತಿದ್ದಾರೆ’ ಅನ್ನುವುದನ್ನು ಹೊಡೆದು ‘ಗುಣವಾದರು’ ಅಂತ ಬರೆದೆ. ಆಮೇಲಿನ ಮೂರು ವಾಕ್ಯಗಳಿಗೂ ಗೀಟು ಎಳೆದೆ. ‘ಗುಣವಾದರು. ದೇವರಿಗೆ ಸ್ತೋತ್ರ. ನೋಡು, ಈಗ ಹೆಂಗೆ ನಿಂತ್ಕಂತು!’

ಅವಳು ಹಾಳೆಯನ್ನೇ ನೋಡಿದಳು. ‘ಪೂರ್ತಿ ಆದಂಗೆ ಕೇಳಿಸ್ತೈತಲ್ಲ ಆಂಟಿ.’

‘ಕೇಳಿಸ್ಲಿ ಬಿಡು. ವಿಶ್ವಾಸ ಅಂದ್ರೆ ಅದೇ.’

ಈ ಮಾತನ್ನು ನಾನು ಬಹಳ ಸುಲಭವಾಗಿ ಹೇಳಿಬಿಟ್ಟೆ.

ಯೌವನಸ್ಥರ ಭಾನುವಾರ ಅವಳ ಸೋದರಮಾವನೂ ಬಂದಿದ್ದರು. ‘ಸೊಸಿ ಮೈಕಾಗೆ ಮಾತಾಡ್ತಾಳಂತಲ್ರೀ, ಕೇಳಾಣ ಅಂತ ಬಂದೆ’ ಅಂದು, ಚಪ್ಪಲಿ ಎಲ್ಲಿ ಬಿಡುವುದು, ಗಂಡಸರು ಯಾವ ಕಡೆ ಕೂಡುವುದು ಎಲ್ಲ ವಿಚಾರಿಸಿಕೊಂಡು ಕೊನೆಯ ಸಾಲಿನಲ್ಲಿ ಕೂತರು. ಹುಡುಗಿ ಎದ್ದು ಬಂದಳು. ದನಿ ನಡುಗಿದರೂ ಮಾತು ನಿಲ್ಲಲಿಲ್ಲ. ಗಂಟು ಸಿಕ್ಕ ದಿನ, ಅಮ್ಮನ ಕೂದಲು ಬಾಚಣಿಗೆಯಲ್ಲಿ ಬಂದ ದಿನ, ಎಲ್ಲ ಹೇಳಿದಳು. ಕೊನೆಯ ಸಾಲಿಗೆ ಬಂದು ನಿಂತಳು. ಮರೆತಿರಲಿಲ್ಲ, ಹಾಳೆ ಕೈಯಲ್ಲೇ ಇತ್ತು. ಎರಡನೇ ಬೆಂಚಿನಲ್ಲಿದ್ದ ನನ್ನನ್ನು ನೋಡಿದಳು. ನಾನು ಪರೀಕ್ಷೆಯಲ್ಲಿ ಮಕ್ಕಳಿಗೆ ಸುಳಿವು ಕೊಡುವವಳ ಹಾಗೆ ತುಟಿ ಆಡಿಸಿದೆ.

‘ನಮ್ಮಮ್ಮ ಗುಣವಾದರು’ ಅಂದಳು.

ಸಭೆಯೆಲ್ಲ ‘ಸ್ತೋತ್ರ!’ ಅಂತ ಒಂದೇ ದನಿಯಲ್ಲಿ ಎದ್ದಿತು. ತಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಳುತ್ತಿದ್ದರು, ನಗುತ್ತಲೂ ಇದ್ದರು.

ಹೊರಗೆ ಶಾಮಿಯಾನದಡಿ ಚಹಾ ಕೊಡುತ್ತಿದ್ದೆವು. ಸೋದರಮಾವ ನನ್ನ ಹತ್ತಿರ ಬಂದರು. ಮುಖ ಅರಳಿತ್ತು. ‘ಟೀಚರಮ್ಮ, ಹಂಗಾರೆ ಇನ್ನ ಚೆಕಪ್ಪು ಗಿಕಪ್ಪು ಏನೂ ಬ್ಯಾಡೇನ್ರಿ?’ ಅಂತ ಕೇಳಿದರು. ನನ್ನ ಒಂದು ಕೈಯಲ್ಲಿ ಕೆಟಲ್ಲು, ಇನ್ನೊಂದು ಕೈಯಲ್ಲಿ ಬಿಸ್ಕತ್ತಿನ ತಟ್ಟೆ. ನಾಲ್ಕು ಕಡೆಯಿಂದ ‘ಹುಡುಗಿ ಎಷ್ಟು ಚಂದ ಹೇಳಿದ್ಲು!’ ಅನ್ನುವವರು. ‘ದೇವರು ದೊಡ್ಡವನು ಬಿಡ್ರಿ ಅಣ್ಣಾರೆ, ಎಲ್ಲ ಆತಲ್ಲ’ ಅಂದು ಮುಂದೆ ಹೋದೆ. ಅದು ಬೇಕು ಅನ್ನುವ ಮಾತಲ್ಲ, ಬೇಡ ಅನ್ನುವ ಮಾತೂ ಅಲ್ಲ. ಹಾಗೆ ತಪ್ಪಿಸಿಕೊಳ್ಳುವ ಜಾಗ ಅದಾಗಿರಲಿಲ್ಲ.

ಆಮೇಲಿನ ತಿಂಗಳುಗಳಲ್ಲಿ ಆ ತಾಯಿ ನಮ್ಮ ಸಭೆಗೆ ಬೇರೆಯೇ ಮನುಷ್ಯರಾದರು. ಯಾರಿಗಾದರೂ ಕಾಯಿಲೆಯೆಂದರೆ ‘ನೀವು ಕೈಯಿಟ್ಟು ಪ್ರಾರ್ಥನೆ ಮಾಡ್ರಿ, ನಿಮಗೆ ಆಗೈತಲ್ಲ’ ಅಂತ ಅವರನ್ನೇ ಕರೆದೊಯ್ಯುವರು. ಅವರು ಸಂಕೋಚಪಟ್ಟುಕೊಂಡೇ ಹೋಗುವರು. ಒಂದು ಭಾನುವಾರ ಬೆಂಚಿನಿಂದ ಏಳುವಾಗ ಸೊಂಟ ಹಿಡಿದುಕೊಂಡು ಅರೆಗಳಿಗೆ ಹಾಗೇ ನಿಂತದ್ದನ್ನು ನಾನು ನೋಡಿದೆ.

‘ಏನ್ರೀ, ನೋವೇನು?’

‘ಏನಿಲ್ಲ ಅಕ್ಕಾರೆ, ಬಸ್ಸಿನ ಕುಲುಕಾಟ. ಕೊನೇ ಸೀಟು ಸಿಕ್ಕಿತ್ತು’ ಅಂದರು.

ನಾನು ನಂಬಿದೆ. ನಂಬುವುದು ನನಗೂ ಅನುಕೂಲವಾಗಿತ್ತು. ಅವರು ಪಾತ್ರೆ ತೊಳೆಯುವುದನ್ನು ಬಿಟ್ಟರು. ‘ಅಂತೂ ನನ್ನ ಮಾತು ಕೇಳಿದ್ರಲ್ಲ’ ಅಂತ ನಾನು ತಮಾಷೆ ಮಾಡಿದೆ.

ಚಳಿಗಾಲ ಕಳೆದು ಬಿಸಿಲು ಏರುವ ಹೊತ್ತಿಗೆ ತಾಯಿ ಮಗಳು ಇಬ್ಬರೂ ಬರುವುದು ನಿಂತಿತು. ಪರೀಕ್ಷೆ ಹತ್ತಿರ ಇದೆಯಲ್ಲ ಅಂದುಕೊಂಡೆ. ಫೋನು ಮಾಡಿದರೆ ಹುಡುಗಿ ‘ಓದ್ತಿದೀನಿ ಆಂಟಿ’ ಅನ್ನುವಳು. ‘ಅಮ್ಮ?’ ಅಂದರೆ ‘ಪರವಾಗಿಲ್ಲ ಅನ್ಬೌದು’ ಅನ್ನುವಳು. ಆ ಮಾತಿಗೆ ನಾನು ನಗುವುದನ್ನು ರೂಢಿ ಮಾಡಿಕೊಂಡಿದ್ದೆ. ಅವಳ ಪರೀಕ್ಷೆಯ ಕೊನೆಯ ಪೇಪರಿನ ಮರುದಿನ ಸೋದರಮಾವನ ಫೋನು ಬಂತು. ‘ತಂಗೀನ ಅದೇ ದಾವಣಗೆರಿ ಆಸ್ಪತ್ರಿಗೆ ಅಡ್ಮಿಟ್ ಮಾಡೀವಿ. ಬರ್ರಿ’ ಅಂದರು. ಅಷ್ಟೇ.

ಆಸ್ಪತ್ರೆಯ ಕಾರಿಡಾರಿನಲ್ಲಿ ಅವರು ಗೋಡೆಗೆ ಒರಗಿ ಕುಕ್ಕರಗಾಲಲ್ಲಿ ಕೂತಿದ್ದರು. ನನ್ನನ್ನು ಕಂಡು ಎದ್ದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

‘ಬೆನ್ನೆಲುಬಿಗೆ ಇಳಿದೈತಂತೆ. ಈಲಿಗೂ ಹೋಗೈತಂತೆ’ ಅಂದರು, ಅವರು ಲಿವರನ್ನು ಈಲಿ ಅನ್ನುತ್ತಿದ್ದರು. ‘ಟೀಚರಮ್ಮ, ನಾನು ಹೊಲದಾಗೆ ದುಡಿಯೋನು. ನಿಮ್ಮ ಪ್ರಾರ್ಥನಿ ಮಾತು ಹೆಂಗಿರ್ತಾವೆ ನಂಗೊತ್ತಿಲ್ಲ. ಮಗು ಅಷ್ಟು ಮಂದಿ ಮುಂದ ನಿಂತು ಗುಣ ಆದ್ರು ಅಂದ್ಲು. ಅಲ್ಲಿ ನಿಂತು ಸುಳ್ಳು ಹೇಳಂಗಿಲ್ಲ ಅಂತ ತಂಗಿ ಹೇಳಿದ್ಲು. ನಂಬ್ಕಂಡೆ. ಬೈಕ್ ತಗಂಡು ಹೋಗೋದು ಬಿಟ್ಟೆ. ಅವಳೂ ಬ್ಯಾಡಣ್ಣ ಅಂದ್ಲು.’

ನಾವು ಒಳಗಿನವರು. ಸಾಕ್ಷಿಯಲ್ಲಿ ಒಂದಿಷ್ಟು ಏರುದನಿ ಇರುತ್ತದೆ, ಅದನ್ನು ಕಿವಿಯೇ ಸರಿಮಾಡಿಕೊಂಡು ಕೇಳುತ್ತದೆ. ಹೊರಗಿನಿಂದ ಬಂದ ಆ ಮನುಷ್ಯ ಮಾತನ್ನು ಮಾತೆಂದೇ ತೆಗೆದುಕೊಂಡಿದ್ದರು. ಅವತ್ತು ಆ ಇಡೀ ಸಭೆಯಲ್ಲಿ ನನ್ನ ವಾಕ್ಯವನ್ನು ಪೂರ್ತಿ ನಂಬಿದವರು ಅವರೊಬ್ಬರೇ ಇರಬೇಕು.

ವಾರ್ಡಿನಲ್ಲಿ ಆ ತಾಯಿ ಮಂಚದ ಮೇಲೆ ಅರ್ಧ ಒರಗಿದ್ದರು. ನನ್ನನ್ನು ಕಂಡು ಏಳಹೋದರು. ಕೂರಿಸಿದೆ. ಮಗಳು ನೀರು ತರಲು ಹೋಗಿದ್ದಳು.

‘ಯಾಕ್ರೀ ಹೇಳ್ಲಿಲ್ಲ? ಎಷ್ಟು ದಿನದಿಂದ ನೋವು?’

ಅವರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. ‘ಮಳೆಗಾಲದಿಂದ್ಲೇ ಶುರುವಾಗಿತ್ತು ಅಕ್ಕಾರೆ. ಹೆಂಗೆ ಹೇಳ್ಲಿ? ಮಗಳು ಅಷ್ಟು ಜನರ ಮುಂದೆ ಹೇಳಿಬಿಟ್ಟಿದ್ಲಲ್ಲ. ನಾನು ಹೋಗಿ ನೋವು ಅಂದ್ರೆ ಅವಳು ಸುಳ್ಳು ಹೇಳ್ದಂಗೆ ಆಗಲ್ವಾ? ಮೊದಲ್ನೇ ಸಲ ಬಾಯಿಬಿಟ್ಟು ಮಾತಾಡಿದ್ಲು. ಅವಳ ಮಾತು ಬೀಳಬಾರ್ದು ಅಂತ…’

ಪಕ್ಕದ ಮಂಚದ ಪರದೆಯ ಹತ್ತಿರ ಹುಡುಗಿ ನಿಂತಿದ್ದಳು. ಬಾಟಲಿ ತುಂಬಿ ತಂದಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ಬಂದು ಲೋಟಕ್ಕೆ ನೀರು ಹಾಕಿ ಅಮ್ಮನ ತುಟಿಗೆ ಹಿಡಿದಳು. ‘ಅದು ಅವಳ ಮಾತಲ್ಲ, ನಂದು’ ಅಂತ ಆಗಲೇ ಹೇಳಬೇಕಿತ್ತು. ಆ ತಾಯಿಗೆ ಕೇಳಿಸುವ ಹಾಗೆ, ಅವರು ಬದುಕಿರುವಾಗ. ಬಾಯಿ ಬರಲಿಲ್ಲ. ನಾಳೆ ಹೇಳೋಣ ಅಂದುಕೊಂಡೆ. ಮರುದಿನ ಅವರಿಗೆ ನೋವಿನ ಔಷಧಿ ಜಾಸ್ತಿ ಮಾಡಿದರು. ಆಮೇಲೆ ಎಚ್ಚರವಿದ್ದದ್ದೇ ಕಡಿಮೆ.

ಮೊದಲೇ ಬಂದಿದ್ದರೆ ಉಳಿಯುತ್ತಿದ್ದರಾ ಅಂತ ಡಾಕ್ಟರನ್ನು ಕೇಳಿದೆ. ‘ಹೇಳೋಕಾಗಲ್ಲ ಮೇಡಂ. ಒಂದಿಷ್ಟು ದಿನ ಸಿಗ್ತಿತ್ತೇನೋ, ನೋವು ಕಮ್ಮಿ ಮಾಡಬಹುದಿತ್ತು’ ಅಂದರು. ಈ ಉತ್ತರದ ಮೊದಲ ಅರ್ಧದಲ್ಲಿ ಅಡಗಿಕೊಳ್ಳಲು ನಾನು ಎಷ್ಟೋ ಸಲ ಪ್ರಯತ್ನಪಟ್ಟಿದ್ದೇನೆ. ಎರಡನೇ ಅರ್ಧ ಬಿಡುವುದಿಲ್ಲ.

ಮೂರನೇ ವಾರದಲ್ಲಿ ತೀರಿಕೊಂಡರು. ಮಣ್ಣು ಹರಿಹರದಲ್ಲಾಯಿತು. ಲಾರಿ ಎಲ್ಲೋ ಬಿಟ್ಟು ಬಂದ ಗಂಡ ಒಂದು ಕಡೆ, ಶಾಮನೂರಿನವರು ಒಂದು ಕಡೆ, ನಮ್ಮ ಸಭೆ ಒಂದು ಕಡೆ. ಹುಡುಗಿ ಮಾವನ ತೋಳು ಹಿಡಿದು ನಿಂತಿದ್ದಳು. ನಮ್ಮ ಗುಂಪಿನ ಆರು ಮಕ್ಕಳೂ ಬಂದಿದ್ದರು. ಏನು ಮಾತಾಡಬೇಕೆಂದು ತಿಳಿಯದೆ ಅವಳ ಹಿಂದೆ ಸಾಲಾಗಿ ನಿಂತರು. ಸುಮ್ಮನೆ ಜೊತೆಗೆ ನಿಲ್ಲಬೇಕೆಂದು ಅವರಿಗೆ ತಿಳಿದದ್ದು ನನಗೆ ತಿಳಿಯಲಿಲ್ಲ.

ವಾರದ ನಂತರ ಅವರ ಮನೆಯಲ್ಲಿ ಆದರಣೆಯ ಕೂಟ, ಮನೆಯವರಿಗೆ ಸಮಾಧಾನ ಹೇಳುವ ಪ್ರಾರ್ಥನೆ. ಸಭಾಪಾಲಕರು ‘ಟೀಚರು ಎರಡು ಮಾತು ಹೇಳ್ಲಿ’ ಅಂದರು. ನಾನು ಎದ್ದು ನಿಂತು ನಡೆದದ್ದನ್ನೆಲ್ಲ ಹೇಳಿಬಿಟ್ಟೆ. ಆ ಕೊನೆಯ ಸಾಲು ಮಗುವಿನದಲ್ಲ, ನಾನು ಕೆಂಪು ಪೆನ್ನಿನಲ್ಲಿ ಬರೆದದ್ದು. ಮಗು ಬೇಡವೆಂದಿತ್ತು, ಕೇಳಲಿಲ್ಲ. ಈ ತಾಯಿ ಮುಚ್ಚಿಟ್ಟುಕೊಂಡ ನೋವಿಗೆ ನಾನು ಕಾರಣ, ಅಂತ. ಮಾತಾಡುತ್ತ ಅತ್ತೆ. ಕೇಳಿದವರೂ ಅತ್ತರು. ಮುಗಿದ ಮೇಲೆ ಇಬ್ಬರು ಹೆಂಗಸರು ಬಂದು ನನ್ನ ಕೈ ಹಿಡಿದು ‘ಎಷ್ಟು ದೊಡ್ಡ ಮನಸ್ಸು ನಿಮ್ದು’ ಅಂದರು.

ಹುಡುಗಿ ಒಳಕೋಣೆಯ ಬಾಗಿಲಲ್ಲಿ ನಿಂತಿದ್ದಳು. ನಾನು ಹತ್ತಿರ ಹೋಗಿ ತಲೆ ಸವರಿದೆ. ಅವಳು ತಲೆಯನ್ನು ಹಿಂದಕ್ಕೆ ತೆಗೆದುಕೊಂಡಳು.

‘ಈಗ್ಲೂ ನೀವೇ ಮಾತಾಡಿದ್ರಿ ಆಂಟಿ’ ಅಂದಳು. ‘ನಮ್ಮಮ್ಮನ ವಿಷ್ಯ ಹೇಳೋಕೆ ಎದ್ರಿ. ನಿಮ್ಮ ವಿಷ್ಯ ಹೇಳಿದ್ರಿ.’

ಸಿಟ್ಟಿನ ದನಿಯಲ್ಲ. ಅಳೆದು ಆಡಿದ ಮಾತು.

ಗುಂಪು ಒಂದಷ್ಟು ವಾರ ನಡೆಯಲಿಲ್ಲ. ಮತ್ತೆ ಸೇರಿದಾಗ ಮಕ್ಕಳೇ ‘ಅವಳು ಬರ್ತಾಳಾ?’ ಅಂತ ಕೇಳಿದರು. ಗೊತ್ತಿಲ್ಲ ಅಂದೆ. ಕರೆಯಲು ನನಗೆ ಬಾಯಿರಲಿಲ್ಲ, ಬಿಡಲು ಮನಸ್ಸಿರಲಿಲ್ಲ. ಅವಳಮ್ಮನ ಜೊತೆ ಅವಳ ಬಾಯಿಯನ್ನೂ ಮಣ್ಣು ಮಾಡಿದೆನೇನೋ ಅನ್ನುವುದೇ ನನ್ನನ್ನು ಕೊರೆಯುತ್ತಿದ್ದದ್ದು. ಒಂದು ಎರಡನೇ ಶನಿವಾರ ತಡೆಯಲಾರದೆ ಹರಿಹರದ ಬಸ್ಸು ಹತ್ತಿದೆ.

ಅವಳು ಬಾಗಿಲು ತೆರೆದು, ‘ಬರ್ರಿ’ ಅಂದಳು. ಚಹಾ ಬೇಕೇ ಅಂತ ಕೇಳಲಿಲ್ಲ, ಮಾಡಿ ತಂದಳು. ಒಳಗೆ ನೆಲದ ತುಂಬ ಬ್ಲೌಸುಗಳು. ಅಮ್ಮ ಹೊಲಿಯಲೆಂದು ತೆಗೆದುಕೊಂಡಿದ್ದ ಬಟ್ಟೆಗಳನ್ನು ಬಿಡಿಸಿ, ಯಾವುದು ಯಾರದು ಅಂತ ಜೋಡಿಸುತ್ತಿದ್ದಳು. ‘ಗುಂಪಿಗೆ ಬಾ ಅನ್ನೋಕೆ ಬಂದಿದ್ರೆ, ನಾನು ಬರಲ್ಲ’ ಅಂದಳು. ‘ಈ ಬಟ್ಟೆ ಹಿಡ್ಕಳ್ಳೋಕೆ ಬಂದಿದ್ರೆ ಹಿಡ್ಕಳ್ರಿ.’ ನಾನು ಕೂತು ಹಿಡಿದುಕೊಂಡೆ. ಬಾಯಿಯ ತನಕ ಬಂದ ಮಾತುಗಳನ್ನು ಚಹಾದ ಜೊತೆ ನುಂಗಿದೆ. ಸುಮಾರು ಒಂದು ತಾಸು ಹೀಗೇ ಹೋಯಿತು.

ಹೊರಗಿನಿಂದ ಒಬ್ಬಾಕೆ ‘ಟೇಲರಮ್ಮಾ…’ ಅಂತ ಕರೆಯುತ್ತ ಒಳಗೆ ಬಂದರು. ಮಗಳ ಬಾಣಂತನಕ್ಕೆ ಹೋಗಿದ್ದವರು, ಬ್ಲೌಸ್ ಒಯ್ಯಲು ಬಂದಿದ್ದರು. ‘ಅಮ್ಮ ಎಲ್ಲವ್ವ? ಸಂತಿಗೆ ಹೋದ್ಲೇನು?’

ನನ್ನ ನಾಲಿಗೆ ತಾನಾಗಿ ಎದ್ದಿತು. ಇಂಥ ಹೊತ್ತಿಗೆ ಹೇಳಲು ಮೆತ್ತನೆಯ ಮಾತುಗಳು ನನ್ನ ಹತ್ತಿರ ಬೇಕಾದಷ್ಟಿವೆ. ಹಲ್ಲು ಕಚ್ಚಿಕೊಂಡೆ.

‘ಇಲ್ರಿ’ ಅಂದಳು ಹುಡುಗಿ. ‘ತೀರ್ಕಂಡ್ರು. ಒಂದೂವರೆ ತಿಂಗಳಾತು. ನಿಮ್ದು ಹುಕ್ಕು ಹಾಕಿಲ್ಲ.’

ಆಕೆ ಅಲ್ಲೇ ಹೊಸ್ತಿಲ ಹತ್ತಿರ ಕುಸಿದು ಕೂತರು. ‘ಅಯ್ಯೋ ನನ್ನವ್ವ! ಹೆಂಗಾತು?’

ಹುಡುಗಿ ಕೈಯಲ್ಲಿದ್ದ ಬಟ್ಟೆಯನ್ನು ಕೆಳಗಿಟ್ಟಳು. ಗಂಟು ಸಿಕ್ಕ ದಿನದಿಂದ ಶುರು ಮಾಡಿದಳು. ನಿಧಾನವಾಗಿ, ನಡುನಡುವೆ ನಿಂತು, ತಪ್ಪಿದ್ದನ್ನು ತಾನೇ ತಿದ್ದಿಕೊಂಡು. ನಾನೆಂದೂ ಕೇಳದ ಎಷ್ಟೋ ಸಂಗತಿಗಳಿದ್ದವು. ನೋವು ತಡೆಯಲಾರದಾಗ ಅಮ್ಮ ಹೊಲಿಗೆ ಯಂತ್ರವನ್ನು ಜೋರಾಗಿ ತುಳಿಯುತ್ತಿದ್ದರಂತೆ, ನರಳುವುದು ಓದುತ್ತಿದ್ದ ಮಗಳಿಗೆ ಕೇಳಿಸಬಾರದೆಂದು. ಚರ್ಚಿನಲ್ಲಿ ಸಾಕ್ಷಿ ಹೇಳಿದ ದಿನ ಬಸ್ಸಿನಲ್ಲಿ ವಾಪಸು ಬರುವಾಗ ಹರಿಹರದ ತನಕ ಅಮ್ಮ ಅವಳ ಕೈ ಬಿಟ್ಟಿರಲಿಲ್ಲವಂತೆ. ‘ಅವತ್ತಿನಷ್ಟು ಖುಷಿಯಾಗಿ ಅಮ್ಮನ್ನ ನಾನು ಯಾವತ್ತೂ ನೋಡಿಲ್ಲ. ಅದನ್ನ ಏನು ಮಾಡ್ಬೇಕೋ ನಂಗೆ ಗೊತ್ತಾಗ್ತಿಲ್ಲ’ ಅಂದಳು.

‘ಗುಣ ಆಗಿರ್ಲಿಲ್ಲ ಅಂದ್ಮೇಲೆ ಯಾಕ ಹಂಗ ಹೇಳಿದ್ಯವ್ವ?’ ಆಕೆ ಕೇಳಿದರು.

‘ನಾನು ಬೇರೆ ಬರೆದಿದ್ದೆ. ಈ ಆಂಟಿ ತಿದ್ದಿಕೊಟ್ರು.’

ಆಕೆ ತಿರುಗಿ ನನ್ನ ಮುಖ ನೋಡಿದರು. ‘ಇವರೇನು?’

‘ಹೌದ್ರಿ’ ಅಂದೆ.

ಹುಡುಗಿ ನಾನು ಇನ್ನೇನಾದರೂ ಹೇಳುತ್ತೇನೇನೋ ಅಂತ ಒಂದು ಗಳಿಗೆ ಕಾದಳು. ನಾನು ಹೇಳಲಿಲ್ಲ. ಆಮೇಲೆ ಅವಳು ಆಸ್ಪತ್ರೆಗೆ ಸೇರಿಸಿದ ದಿನದ ಮಾತಿಗೆ ಬಂದಳು.